ಅಕ್ಕಯಮ್ಮ ತಾನೇ ಓದಿಕೊಂಡ ನೋಟೀಸು

ದಿಬ್ಬೂರಹಳ್ಳಿಯ ಅಕ್ಕಯಮ್ಮನಿಗೆ ಓದು ಬರುವುದಿಲ್ಲ ಎಂದು ಯಾರಾದರೂ ಬಾಯಿ ತಪ್ಪಿ ಅಂದರೆ ಅವತ್ತು ಅವರ ಗ್ರಹಚಾರ ನೆಟ್ಟಗಿಲ್ಲ ಎಂದೇ ಲೆಕ್ಕ. ಓದು ಬರುತ್ತಿತ್ತು. ಪೂರ್ತಿ ಅಲ್ಲ, ಬೇಕಾದಷ್ಟು. ಸಾಕ್ಷರತೆಯವರು ಊರಲ್ಲಿ ಪಾಠ ಶುರು ಮಾಡಿದಾಗ ಒಂದು ಬೇಸಿಗೆ ಹೋಗಿ ಕೂತಿದ್ದಳು. ಒತ್ತಕ್ಷರ ಶುರುವಾದ ದಿನ ಹೇಳಿಕೊಡುವ ಹುಡುಗನ ಜೊತೆ ಜಗಳವಾಡಿ ಎದ್ದು ಬಂದಳು. ಒಂದು ಅಕ್ಷರದ ಕೆಳಗೆ ಇನ್ನೊಂದು ಅಕ್ಷರವನ್ನು ಯಾಕೆ ನೇತುಹಾಕಬೇಕು ಎಂಬುದು ಅವಳ ತಕರಾರು. ಉಳಿದದ್ದನ್ನು ಬೋರ್ಡು ನೋಡಿ ಕಲಿತಳು. ಬಸ್ಸಿನ ಬೋರ್ಡು, ನ್ಯಾಯಬೆಲೆ ಅಂಗಡಿಯ ಬೋರ್ಡು, ಎಲ್ಲಕ್ಕಿಂತ ಹೆಚ್ಚಾಗಿ ಕಲ್ಯಾಣ ಮಂಟಪದ ಬೋರ್ಡು.

ಯಾಕೆಂದರೆ ಅವಳ ಅನ್ನ ಅಲ್ಲಿತ್ತು. ಶಿಡ್ಲಘಟ್ಟ, ಚಿಂತಾಮಣಿಯ ಮಂಟಪಗಳಲ್ಲಿ ಮದುವೆಯಾದರೆ ಪಾತ್ರೆ ಉಜ್ಜುವುದಕ್ಕೆ, ಎಂಜಲೆಲೆ ಎತ್ತುವುದಕ್ಕೆ ಹೆಂಗಸರ ಒಂದು ಗುಂಪು ಬೇಕಾಗುತ್ತದೆ. ಆ ಗುಂಪಿಗೆ ಅಕ್ಕಯಮ್ಮ ಯಜಮಾನಿ. ಅವಳ ಗುಂಪನ್ನು ಅಡುಗೆಮನೆಯ ಹೊಸ್ತಿಲು ದಾಟಿ ಒಳಗೆ ಕರೆಯುತ್ತಿರಲಿಲ್ಲ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. ಆದರೆ ಹಿತ್ತಲಿನ ನಲ್ಲಿಯ ಹತ್ತಿರ ಅವಳದೇ ರಾಜ್ಯ. ಅಡುಗೆ ಭಟ್ಟರೂ ಅಲ್ಲಿಗೆ ಬಂದರೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ವರ್ಷಗಟ್ಟಲೆ ಆ ಬೋರ್ಡುಗಳ ಕೆಳಗೆ ಹಾದು ಹೋಗಿ, ಉಳಿದ ಯಾವ ಒತ್ತಕ್ಷರ ಕೈಕೊಟ್ಟರೂ 'ಕಲ್ಯಾಣ' ಎಂಬ ಪದವನ್ನು ಮಾತ್ರ ಬಸ್ಸಿನ ಕಿಟಕಿಯಿಂದಲೇ ಗುರುತು ಹಿಡಿಯುತ್ತಿದ್ದಳು.

ಮದುವೆ ಎಂದರೆ ಅವಳಿಗೆ ಬೇರೆಯವರ ಮಕ್ಕಳದ್ದಾದರೆ ಕೂಲಿ, ತನ್ನ ಮನೆಯದ್ದಾದರೆ ಕೋಪ. ಅವಳ ಸ್ವಂತ ಮದುವೆ ಆದದ್ದು ಹನ್ನೆರಡರಲ್ಲಿ. ಚಪ್ಪರದ ಕೆಳಗೆ ನಿದ್ದೆ ಹೋಗಿದ್ದವಳನ್ನು ಎಬ್ಬಿಸಿ ಕೂರಿಸಿ ತಾಳಿ ಕಟ್ಟಿಸಿದರಂತೆ. ಕಟ್ಟಿದವನು ಗಂಗುಲಪ್ಪ, ಚಿಂತಾಮಣಿಯ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು, ಒಳ್ಳೆಯ ಮನುಷ್ಯನೇ. ಈಗಿಲ್ಲ. ಎಷ್ಟು ಒಳ್ಳೆಯವನಾದರೂ ಆ ನಿದ್ದೆ ಕೆಡಿಸಿದ್ದಕ್ಕೆ ಅಕ್ಕಯಮ್ಮ ಅವನನ್ನು ಕ್ಷಮಿಸಲಿಲ್ಲ. ಒಬ್ಬಳೇ ಮಗಳು ಹರಿಣಿಯನ್ನು ಹತ್ತನೇ ಕ್ಲಾಸು ಪಾಸು ಮಾಡಿಸಿ, ಹತ್ತೊಂಬತ್ತು ತುಂಬಿದ ಮೇಲೆಯೇ ಗೌರಿಬಿದನೂರಿನ ಮುನೇಶನಿಗೆ ಕೊಟ್ಟಳು. ಮುನೇಶ್ ಟೆಂಪೋ ಓಡಿಸುತ್ತಿದ್ದ. ಸಂಘ, ಭಾಷಣ ಎಂದು ಓಡಾಡುತ್ತಿದ್ದ ಹುಡುಗ. ಮಗಳು ಹುಟ್ಟಿದಾಗ ಬುದ್ಧನ ಹೆಸರು ಬರಲಿ ಎಂದು ಗೌತಮಿ ಎಂದಿಟ್ಟ. ಅವನನ್ನು ಕಂಡರೆ ಅತ್ತೆಗೆ ಹೆಮ್ಮೆ ಇತ್ತು.

ಹರಿಣಿ ಕಾಮಾಲೆಯಾಗಿ ತೀರಿಕೊಂಡಳು. ಗೌತಮಿಗೆ ಆಗ ಹತ್ತು. ಮುನೇಶ್ ಮರುಮದುವೆ ಮಾಡಿಕೊಂಡ. ಅಕ್ಕಯಮ್ಮ ಮೊಮ್ಮಗಳ ಬಟ್ಟೆಬರೆ ಗಂಟು ಕಟ್ಟಿ ದಿಬ್ಬೂರಹಳ್ಳಿಗೆ ಕರೆತಂದು ಶಾಲೆಗೆ ಸೇರಿಸಿದಳು. ಮೂರು ವರ್ಷ ಎಲ್ಲ ಸರಿಯಾಗಿಯೇ ಇತ್ತು. ಗೌತಮಿ ಎಂಟನೇ ಕ್ಲಾಸಿಗೆ ಬಂದಳು, ಮೈನೆರೆದಳು, ಆ ಸುದ್ದಿ ಗೌರಿಬಿದನೂರಿಗೆ ಮುಟ್ಟಿತು. ಆಗ ನೋಡಿ, ಅಪ್ಪನಿಗೆ ಮಗಳ ನೆನಪಾಯಿತು.

ಎರಡು ಸಾವಿರದ ಒಂಬತ್ತರ ಸಂಕ್ರಾಂತಿ ಕಳೆದ ವಾರ ಮುನೇಶ್ ಬಂದ. ಬಾಳೆಹಣ್ಣು ತಂದಿದ್ದ. ಕೂತು, ಕಾಫಿ ಕುಡಿದು, ನೆಲ ನೋಡುತ್ತಾ ಹೇಳಿದ.

"ಅತ್ತೆ, ಯುಗಾದಿ ಕಳೆದ ಮೇಲೆ ಮಗೂದು ಒಂದು ಕಾರ್ಯ ಮಾಡಿ ಮುಗಿಸಣ ಅಂತಿದೀನಿ. ನಮ್ಮವಳ ತಮ್ಮ ಇದಾನೆ. ಗಾರೆ ಕೆಲಸ. ಒಳ್ಳೆ ಹುಡುಗ."

"ಯಾವ ಮಗೂದು?" ಎಂದಳು ಅಕ್ಕಯಮ್ಮ.

"ಗೌತಮೀದು."

"ಹದಿಮೂರು ಕಣೋ ಅದಕ್ಕೆ! ಬುದ್ಧ, ಸಂಘ ಅಂತ ಮೈಕ್ ಹಿಡ್ಕೊಂಡು ಕಿರುಚ್ತಿದ್ದೆಯಲ್ಲೋ, ಅದೆಲ್ಲ ಎಲ್ಲಿ ಹಾಕ್ದೆ?"

"ನಾನು ಅದರ ಅಪ್ಪ ಅತ್ತೆ. ಕೇಳೋಕೆ ಬಂದಿಲ್ಲ, ಹೇಳೋಕೆ ಬಂದಿದೀನಿ."

ಪೊರಕೆ ಬಾಗಿಲ ಸಂದಿಯಲ್ಲೇ ಇತ್ತು. ಬೀದಿಯ ಕೊನೆಯವರೆಗೂ ಅಟ್ಟಿಸಿಕೊಂಡು ಹೋಗಿ, ಬಾಳೆಹಣ್ಣನ್ನೂ ಅವನ ಹಿಂದೆಯೇ ಎಸೆದು ಬಂದಳು. ಗೌತಮಿ ಒಳಗೆ ಪುಸ್ತಕ ಹಿಡಿದು ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಅಕ್ಕಯಮ್ಮ, "ನೀನು ಇದಕ್ಕೆಲ್ಲ ತಲೆ ಹಾಕ್ಬೇಡ. ನಾನಿದೀನಿ. ಓದ್ಕೋ," ಎಂದಳು. ಇಂಥ ವಿಷಯವನ್ನು ಮಕ್ಕಳ ಹತ್ತಿರ ಆಡಬಾರದು ಎಂಬುದು ಅವಳ ಕಾನೂನು.

ಫೆಬ್ರವರಿಯಲ್ಲಿ ಅಂಚೆಯವನು ಒಂದು ಲಕೋಟೆ ತಂದು ಸಹಿ ಹಾಕಿಸಿಕೊಂಡು ಹೋದ. ಸರ್ಕಾರಿ ಮುದ್ರೆ, ಚಿಕ್ಕಬಳ್ಳಾಪುರದ ವಿಳಾಸ. ಜಿಲ್ಲೆಯಾಗಿ ಇನ್ನೂ ಹೊಸತು, ಆ ಊರಿಂದ ದಿಬ್ಬೂರಹಳ್ಳಿಯ ಅಕ್ಕಯಮ್ಮನಿಗೆ ಕಾಗದ ಬರುವುದೆಂದರೆ ದೊಡ್ಡ ಸಂಗತಿ. ಹೆಮ್ಮೆಯಿಂದಲೇ ಒಡೆದಳು. ಬೆರಳಿಟ್ಟು ಓದಿದಳು. ಮೇಲೆ ದಪ್ಪ ಅಕ್ಷರ. ಮ, ಕ್ಕ, ಳ. ಮಕ್ಕಳ. ಮುಂದಿನ ಪದಕ್ಕೆ ಬೆರಳೇ ಬೇಕಾಗಲಿಲ್ಲ.

ಮಕ್ಕಳ ಕಲ್ಯಾಣ.

ಬೆರಳು ಮುಂದೆ ಸರಿಸಿದಳು. ಮಕ್ಕಳ ಕಲ್ಯಾಣ ಸಮಿತಿ. ಊರಲ್ಲಿ ರಾಮನವಮಿಗೆ ಸಮಿತಿ ಇತ್ತು, ದೇವಸ್ಥಾನದ ಕಲ್ಯಾಣೋತ್ಸವಕ್ಕೆ ಸಮಿತಿ ಇತ್ತು, ಬಡವರಿಗೆ ಸಾಮೂಹಿಕ ಮದುವೆ ಮಾಡಿಸುವ ಸಮಿತಿಯೂ ಚಿಂತಾಮಣಿಯಲ್ಲಿ ಇತ್ತು, ಅಲ್ಲಿ ಅವಳೇ ಪಾತ್ರೆ ತೊಳೆದಿದ್ದಳು. ಈಗ ಮಕ್ಕಳಿಗೂ ಮದುವೆ ಮಾಡಿಸುವ ಸಮಿತಿ ಮಾಡಿಬಿಟ್ಟರೇ! ಕೆಳಗೆ ಗೌತಮಿಯ ಹೆಸರು ಇತ್ತು, ಮುನೇಶನ ಹೆಸರಿತ್ತು, ಒಂದು ತಾರೀಖು ಇತ್ತು. ಮಧ್ಯದ ಸಾಲುಗಳಲ್ಲಿ ಅಕ್ಷರದ ಕೆಳಗೆ ಅಕ್ಷರ ನೇತಾಡುತ್ತಿದ್ದವು. ಮುಖ್ಯವಾದದ್ದು ಅವಳಿಗೆ ತಿಳಿದಿತ್ತು. ಅಳಿಯ ಸರ್ಕಾರದ ಮೂಲಕ ಮುಹೂರ್ತ ಇಡಿಸಿದ್ದಾನೆ.

"ಅಯ್ಯೋ ದೇವುಡಾ," ಎಂದು ಮನೆಮಾತು ತೆಲುಗಿನಲ್ಲಿ ಗೊಣಗಿಕೊಂಡು ಕಾಗದವನ್ನು ರವಿಕೆಯೊಳಗೆ ಸೇರಿಸಿದಳು.

ಹಾಗೆಂದು ಪೂರ್ತಿ ಮೂರ್ಖಳಲ್ಲ. ವಿಚಾರಿಸಿಯೇ ಮುಂದುವರಿಯಬೇಕು ಎಂದುಕೊಂಡಳು. ವಿಚಾರಿಸಿದ ರೀತಿಯನ್ನು ಕೇಳಿದರೆ ಮಾತ್ರ ತಲೆ ಚಚ್ಚಿಕೊಳ್ಳಬೇಕು. ಊರಲ್ಲಿ ಯೋಗನರಸಿಂಹ ಎಂಬ ನಿವೃತ್ತ ಕನ್ನಡ ಪಂಡಿತರಿದ್ದರು. ಅವರಿಗೆ ಕಾಗದ ತೋರಿಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಆದ್ದರಿಂದ ಕಾಗದ ತೋರಿಸುವುದು ಬೇಡ, ಪದಗಳನ್ನು ಮಾತ್ರ ಕೇಳೋಣ ಎಂದು ತೀರ್ಮಾನಿಸಿದಳು. ಕಷ್ಟಪಟ್ಟು ಕೂಡಿಸಿಕೊಂಡ ನಾಲ್ಕಾರು ಪದಗಳನ್ನು ಬಾಯಿಪಾಠ ಮಾಡಿಕೊಂಡು ಅವರ ಜಗಲಿಯ ಮುಂದೆ ನಿಂತಳು.

"ಸ್ವಾಮಿ, ಕಲ್ಯಾಣ ಅಂದ್ರೆ ಏನು?"

ನಿವೃತ್ತಿಯಾದ ಮೇಲೆ ಪಂಡಿತರನ್ನು ಪದದ ಅರ್ಥ ಕೇಳಿದವರು ಯಾರೂ ಇರಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೆಟ್ಟಗೆ ಕೂತರು.

"ಶುಭ, ಮಂಗಳ ಅನ್ನೋದು ಮೂಲಾರ್ಥ ಕಣಮ್ಮ. ಲೋಕರೂಢಿಯಲ್ಲಿ ಮದುವೆ. ಕಲ್ಯಾಣೋತ್ಸವ ಅಂತಾರಲ್ಲ, ಅದೇ. ನಿನಗೆ ಗೊತ್ತಿಲ್ಲದ್ದೇ? ದಿನಾ ಕಲ್ಯಾಣ ಮಂಟಪದಲ್ಲಿ ಇರ್ತೀಯ!"

"ಹಾಜರುಪಡಿಸೋದು ಅಂದ್ರೆ?"

"ಎದುರಿಗೆ ತಂದು ನಿಲ್ಲಿಸೋದು. ಪೊಲೀಸರು ಕಳ್ಳನ್ನ ಹಿಡಿದು ಕೋರ್ಟಿಗೆ ಹಾಜರುಪಡಿಸ್ತಾರೆ."

"ಪಾಲನೆ, ರಕ್ಷಣೆ ಅಗತ್ಯ ಇರೋ ಮಗು ಅಂದ್ರೆ?"

"ದಿಕ್ಕು ದೆಸೆ ಇಲ್ಲದ್ದು. ಹೇಳೋರು ಕೇಳೋರು ಇಲ್ಲದ ಮಗು. ಯಾಕಮ್ಮ, ಏನಾದ್ರೂ ಕಾಗದ ಬಂತಾ?"

"ಇಲ್ಲ ಸ್ವಾಮಿ. ಸುಮ್ನೆ ತಿಳ್ಕೊಳಣ ಅಂತ."

ಪಂಡಿತರು ಹೇಳಿದ ಒಂದು ಮಾತೂ ಸುಳ್ಳಲ್ಲ. ಅದೇ ಸಂಕಟ. ಅವರು ಮೊದಲು ಹೇಳಿದ ಶುಭ, ಮಂಗಳ ಅವಳ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಮನೆಗೆ ಬರುವಷ್ಟರಲ್ಲಿ ಅಕ್ಕಯಮ್ಮನ ರಕ್ತ ಕುದಿಯುತ್ತಿತ್ತು. ದಿಕ್ಕಿಲ್ಲದ ಮಗುವಂತೆ! ನಾನು ಸತ್ತಿದೀನಾ? ಕಳ್ಳರ ಹಾಗೆ ಹಿಡಿದು ನಿಲ್ಲಿಸಿ ಮದುವೆ ಮಾಡ್ತಾರಂತೆ! ಮಾರನೆಯ ದಿನವೇ ಗೌತಮಿಯನ್ನು ಕರೆದುಕೊಂಡು ತೊಂಡೇಬಾವಿಗೆ ಹೊರಟಳು. ಅಲ್ಲಿ ಅವಳ ತಮ್ಮ ಕೋನಪ್ಪ ಈಚೆಗಷ್ಟೇ ಮನೆ ಮಾಡಿದ್ದ. ದಿಬ್ಬೂರಹಳ್ಳಿಯವರಿಗಾಗಲಿ ಮುನೇಶನಿಗಾಗಲಿ ಆ ವಿಳಾಸ ಗೊತ್ತಿರಲಿಲ್ಲ, ಇನ್ನು ಸಮಿತಿಯವರಿಗೆಲ್ಲಿ ಗೊತ್ತಾಗಬೇಕು.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತಾಗ ಗೌತಮಿ ಕೇಳಿದಳು.

"ಅಜ್ಜಿ, ಕಾಗದ ಬಂತಂತಲ್ಲ, ಅಂಚೆಯಣ್ಣ ಹೇಳ್ದ. ಎಲ್ಲಿ, ಕೊಡು ಓದ್ತೀನಿ."

"ನಿಂಗ್ಯಾಕೆ ಅದು? ದೊಡ್ಡೋರ ವಿಷಯ."

"ನನ್ನ ಹೆಸರು ಇದೆಯಾ ಅದರಲ್ಲಿ?"

"ಬಾಯ್ಮುಚ್ಕೊಂಡು ಕೂತ್ಕೋ ಅಮ್ಮಣ್ಣಿ. ನಿನ್ನ ಒಳ್ಳೇದಕ್ಕೇ ಮಾಡ್ತಿರೋದು."

"ಅಜ್ಜಿ, ಆ ಆಫೀಸು ಇಲ್ಲೇ ಇದೆ. ಮಿಸ್ಸು ಹೇಳಿದ್ರು. ಅಲ್ಲಿಗೆ ಹೋದ್ರೆ..."

"ಇನ್ನೊಂದು ಮಾತಾಡಿದ್ರೆ ನೋಡು!"

ಗೌತಮಿಯ ಕಾಲ ಬಳಿ ಶಾಲೆಯ ಚೀಲ ಇತ್ತು. ಅಜ್ಜಿ ಬೇಡವೆಂದರೂ ಹಟ ಮಾಡಿ ಹೊತ್ತು ತಂದಿದ್ದಳು. ಗೌರಿಬಿದನೂರಿನ ಬಸ್ಸು ಬಂದಾಗ ಅಜ್ಜಿ ಅವಳ ರಟ್ಟೆ ಹಿಡಿದು ಹತ್ತಿಸಿದಳು. ಗೌರಿಬಿದನೂರಿನಲ್ಲಿ ಇಳಿದು ತೊಂಡೇಬಾವಿಯ ಬಸ್ಸು ಹಿಡಿಯುವವರೆಗೆ ಮುನೇಶ್ ಎಲ್ಲಿ ಕಂಡಾನೋ ಎಂದು ಮೊಮ್ಮಗಳ ತಲೆಗೆ ತನ್ನ ಸೆರಗು ಹೊದಿಸಿಕೊಂಡೇ ನಿಂತಿದ್ದಳು.

ಕೋನಪ್ಪ ಅಕ್ಕನಿಗೆ ಎದುರಾಡುವವನಲ್ಲ. "ಇದೇನಕ್ಕ, ಪೊಲೀಸ್ ಕೇಸೇನಾದ್ರೂ ಇದೆಯಾ?" ಎಂದು ಒಂದು ಸಲ ಕೇಳಿದ. "ಕೇಸೂ ಇಲ್ಲ ಗೀಸೂ ಇಲ್ಲ. ನಾನು ಹೇಳೋವರ್ಗೂ ಇಲ್ಲಿರ್ಲಿ," ಎಂದು ಅವಳು ಹೇಳಿದ ಮೇಲೆ ಮತ್ತೆ ಕೇಳಲಿಲ್ಲ. ಅಕ್ಕಯಮ್ಮ ವಾಪಸು ಬಂದು ಕೆಲಸಕ್ಕೆ ಹೋದಳು. ಮದುವೆಗಳ ಕಾಲ, ಕೆಲಸ ಬಿಟ್ಟರೆ ನಡೆಯುವುದಿಲ್ಲ. ಶಾಲೆಯ ವಿಜ್ಞಾನದ ಟೀಚರು ಮಹತಿ ಮನೆಗೆ ಬಂದು ಗೌತಮಿ ಎಲ್ಲಿ ಎಂದು ಕೇಳಿದರೆ ಜ್ವರ ಎಂದಳು. ಮತ್ತೆ ಬಂದರೆ, ಸಂಬಂಧಿಕರ ಮನೆಯಲ್ಲಿ ಔಷಧಿ ಕೊಡಿಸ್ತಿದೀವಿ ಎಂದಳು. ನೋಟೀಸಿನ ತಾರೀಖು ಕಳೆಯಿತು. ಇನ್ನೊಂದು ಲಕೋಟೆ ಬಂತು, ಅದನ್ನು ಒಡೆಯದೆಯೇ ಒಲೆಗೆ ಹಾಕಿದಳು. ಮುಹೂರ್ತ ತಪ್ಪಿಸಿದ ಸಮಾಧಾನದಲ್ಲಿ ಅವತ್ತು ಹೊಟ್ಟೆ ತುಂಬ ಉಂಡಳು.

ಮಾರ್ಚ್ ಶುರುವಿನಲ್ಲಿ ಶಿಡ್ಲಘಟ್ಟದ ಮಂಟಪವೊಂದರಲ್ಲಿ ಅವಳು ಸಾರಿನ ಕೊಳದಪ್ಪಲೆಯೊಳಗೆ ಅರ್ಧ ಇಳಿದು ಉಜ್ಜುತ್ತಿದ್ದಾಗ ಹಿಂದಿನಿಂದ ಯಾರೋ ಕರೆದರು. ಒಬ್ಬ ಹೆಣ್ಣು ಪೊಲೀಸು, ಜೊತೆಗೆ ಮಹತಿ ಟೀಚರು.

"ಹುಡುಗಿ ಎಲ್ಲಿ?" ಎಂದಳು ಪೊಲೀಸಿನವಳು. "ಸಮಿತಿ ಮುಂದೆ ಹಾಜರುಪಡಿಸ್ಬೇಕು."

ಹಾಜರುಪಡಿಸು. ಕಳ್ಳರ ಪದ. ಅಕ್ಕಯಮ್ಮನ ತಲೆಯಲ್ಲಿ ಏನು ಹೊಳೆಯಿತೋ, ಬಾಯಿಂದ ಬಂದದ್ದು ಇದು. "ಅವರಪ್ಪನ ಮನೇಲಿ. ಅವನೇ ಕರ್ಕೊಂಡು ಹೋದ."

ಆ ಒಂದು ಸುಳ್ಳು ಊರೂರು ತಿರುಗಿತು. ಪೊಲೀಸರು ಗೌರಿಬಿದನೂರಿಗೆ ಹೋದರು. ಮಗಳು ತನ್ನ ಹತ್ತಿರ ಇಲ್ಲವೆಂದು ಮುನೇಶ್ ಆಣೆ ಪ್ರಮಾಣ ಮಾಡಿದ. ಆಮೇಲೆ ನಿಜವಾಗಿಯೂ ಹೆದರಿದ, ಹೆದರಿಕೆ ಸಿಟ್ಟಾಯಿತು, ಅತ್ತೆ ತನ್ನ ಮಗಳನ್ನು ಎಲ್ಲೋ ಮಾಯ ಮಾಡಿದ್ದಾಳೆ ಎಂದು ಠಾಣೆಯಲ್ಲಿ ದೂರು ಬರೆಸಿದ. ಮಾರನೆಯ ದಿನ ಬೆಳಿಗ್ಗೆ ಅಕ್ಕಯಮ್ಮನನ್ನು ಠಾಣೆಗೆ ಕರೆಸಿ ಬೆಂಚಿನ ಮೇಲೆ ಕೂರಿಸಿದರು. ಬೀದಿಯ ತುದಿಗೆ ಅಟ್ಟಿಸಿಕೊಂಡು ಹೋಗಿದ್ದ ಅಳಿಯ ಈಗ ದೂರುದಾರ, ಮಗುವನ್ನು ಉಳಿಸಿದ ತಾನು ಅಪರಾಧಿ. ಅವಳಿಗೆ ಅಳು ಬರಲಿಲ್ಲ, ಯಾರನ್ನಾದರೂ ಹೊಡೆಯಬೇಕು ಅನಿಸಿತು.

ಮಹತಿ ಪಕ್ಕದಲ್ಲಿ ಬಂದು ಕೂತರು. ಬೆಂಗಳೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಚಿಕ್ಕ ವಯಸ್ಸಿನ ಹುಡುಗಿ. ಅವರಿಗೂ ಸಾಕಾಗಿ ಹೋಗಿತ್ತು.

"ಅಜ್ಜಿ, ಯಾಕೆ ಹೀಗ್ ಮಾಡಿದ್ರಿ? ಸಮಿತಿಗೆ ಒಂದು ಸಲ ಬಂದಿದ್ರೆ ಎಲ್ಲಾ ಮುಗೀತಿತ್ತು."

"ಮುಗೀತಿತ್ತು! ಮಗೀನ ಕುತ್ತಿಗೆಗೆ ತಾಳಿ ಬಿಗಿದು ಮುಗಿಸ್ತಿದ್ರಿ. ಓದಿರೋರು, ನಿಮಗೆ ನಾಚ್ಕೆ ಇಲ್ವಾ?"

"ಯಾವ ತಾಳಿ?"

"ಮಕ್ಕಳ ಕಲ್ಯಾಣ ಅಂತ ದಪ್ಪಕ್ಷರದಲ್ಲಿ ಹೊಡ್ಸಿದಾರಲ್ಲ! ನಂಗೆ ಓದು ಬರಲ್ಲ ಅಂದ್ಕೊಂಡ್ರಾ?"

ಮಹತಿಗೆ ಈಗ ಅರ್ಥವಾಯಿತು. ನಗು ಬಂತು, ಆದರೆ ಅಕ್ಕಯಮ್ಮನ ಕಣ್ಣು ನೋಡಿ ನುಂಗಿಕೊಂಡರು.

"ಅಜ್ಜಿ, ಅದು ಮದುವೆ ಮಾಡ್ಸೋರಲ್ಲ. ಮದುವೆ ನಿಲ್ಸೋರು. ಅಲ್ಲಿ ಕಲ್ಯಾಣ ಅಂದ್ರೆ ಒಳ್ಳೇದು ಅಂತ. ಮಕ್ಕಳಿಗೆ ಒಳ್ಳೇದಾಗೋ ಹಾಗೆ ನೋಡ್ಕೊಳ್ಳೋ ಸಮಿತಿ. ಪಾಲನೆ ರಕ್ಷಣೆ ಬೇಕಾದ ಮಗು ಅಂದ್ರೆ ದಿಕ್ಕಿಲ್ಲದ್ದು ಅಂತಷ್ಟೇ ಅಲ್ಲ, ತೊಂದರೆಯಲ್ಲಿರೋದೂ ಸೇರುತ್ತೆ. ಅವಳಪ್ಪ ಮದುವೆ ಮಾಡ್ಬಾರ್ದು ಅಂತ ತಡೆಯೋಕೇ ನಿಮ್ಮನ್ನ ಕರೆದಿದ್ದು."

ಅಕ್ಕಯಮ್ಮ ಬೆಂಚಿನಿಂದ ಎದ್ದಳು. ಅವಳ ಮೊದಲ ಮಾತಿಗೆ ಠಾಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಮದುವೆ ನಿಲ್ಸೋ ಆಫೀಸಿಗೆ ಮದುವೆ ಅಂತ ಹೆಸರಿಟ್ಟೋನು ಯಾವನು? ಒಳ್ಳೇದು ಅಂತ ಬರೆಯೋಕೆ ಏನು ರೋಗ ಅವನಿಗೆ? ಮದುವೆ ಮಾಡಂಗಿಲ್ಲ ಅಂತ ಒಂದು ಸಾಲು ನೆಟ್ಟಗೆ ಬರೆದಿದ್ರೆ ನಾನು ಓಡ್ಕೊಂಡು ಬಂದು ಬಾಗಿಲಲ್ಲಿ ಮಲಗ್ತಿದ್ದೆ. ನಮ್ಮಂಥೋರಿಗೆ ಕಾಗದ ಕಳಿಸ್ತೀರಿ, ನಮ್ಮಂಥೋರ ಮಾತಲ್ಲಿ ಬರೆಯೋಕೆ ಆಗಲ್ವಾ?"

"ಕೇಳ್ಬಹುದಿತ್ತಲ್ಲ ಅಜ್ಜಿ. ನನ್ನ ಕೇಳ್ಬಹುದಿತ್ತು."

"ಕೇಳ್ದೆ! ಪಂಡಿತರನ್ನೇ ಕೇಳ್ದೆ!"

ಹೇಗೆ ಕೇಳಿದೆ ಎಂದು ಮಾತ್ರ ಹೇಳಲಿಲ್ಲ. ಕೋನಪ್ಪನ ವಿಳಾಸ ಹೇಳಿದಳು.

ಎರಡು ದಿನ ಬಿಟ್ಟು ಚಿಕ್ಕಬಳ್ಳಾಪುರದಲ್ಲಿ ಎಲ್ಲರೂ ಸೇರಿದರು. ಕೋರ್ಟು ಎಂದುಕೊಂಡು ಹೋದರೆ ಅದು ಕೋರ್ಟಿನ ಹಾಗೆ ಇರಲಿಲ್ಲ. ಒಂದು ಉದ್ದ ಮೇಜು, ಹಿಂದೆ ಕುರ್ಚಿಗಳು, ಗೋಡೆಗೆ ಮಕ್ಕಳು ಬರೆದ ಚಿತ್ರಗಳು. ಮಧ್ಯದಲ್ಲಿ ಕೂತಿದ್ದ ಕನಕಲಕ್ಷ್ಮಿ ಎಂಬ ಸದಸ್ಯೆ ಅಕ್ಕಯಮ್ಮನಿಗೂ ಕುರ್ಚಿ ಹಾಕಿಸಿದರು. ಕೋನಪ್ಪ ಗೌತಮಿಯನ್ನು ಕರೆತಂದಿದ್ದ. ಹುಡುಗಿ ಒಣಗಿದ ಹಾಗೆ ಕಂಡಳು. ಶಾಲೆಯ ಚೀಲ ಹೆಗಲಲ್ಲೇ ಇತ್ತು. ಅಜ್ಜಿ ಹತ್ತಿರ ಹೋಗಿ ತಲೆ ಸವರಿದರೆ ತಲೆ ತಗ್ಗಿಸಿ ನಿಂತಳು.

ಮೊದಲು ಮುನೇಶನ ಸರದಿ. ಹದಿನೆಂಟು ತುಂಬದೆ ಮದುವೆ ಮಾಡಿದರೆ ಜೈಲು ಎಂಬುದನ್ನು ಕನಕಲಕ್ಷ್ಮಿ ದನಿ ಎತ್ತದೆ, ಆದರೆ ಒಂದೊಂದೇ ಪದ ಬಿಡಿಸಿ ಹೇಳಿದರು. ಅವನ ಮೋರೆ ಇಳಿದುಹೋಯಿತು. "ಎಲ್ಲರೂ ಮಾಡ್ತಾರೆ ಮೇಡಂ," ಎಂದ ಒಂದು ಸಲ. "ಮುಚ್ಚಳಿಕೆ ಬರ್ಕೊಡಿ," ಎಂದರು ಅವರು.

ಅಕ್ಕಯಮ್ಮ ಈ ಸಲ ಯಾವ ಪದವನ್ನೂ ಸುಮ್ಮನೆ ಬಿಡುವವಳಲ್ಲ. "ಅದೇನಮ್ಮ ಮುಚ್ಚಳಿಕೆ? ಬಾಯಿಗೆ ಹಾಕೋ ಮುಚ್ಚಳಾನಾ?"

"ಹೆಚ್ಚುಕಮ್ಮಿ ಅದೇ," ಎಂದು ಕನಕಲಕ್ಷ್ಮಿ ನಕ್ಕರು. "ಮಗಳ ಮದುವೆ ಮಾತು ಎತ್ತಲ್ಲ, ಎತ್ತಿದ್ರೆ ಶಿಕ್ಷೆಗೆ ಗುರಿ ಆಗ್ತೀನಿ ಅಂತ ಸಹಿ ಹಾಕಿ ಕೊಡೋದು."

ಮುನೇಶ್ ಸಹಿ ಹಾಕಿದ. ಅಕ್ಕಯಮ್ಮನಿಗೆ ಎಷ್ಟೋ ದಿನದ ಮೇಲೆ ಉಸಿರು ಸಲೀಸಾಯಿತು. ಗೆದ್ದೆ ಎಂದುಕೊಂಡಳು. ಹಾಳು ಪದಗಳ ಕಾಟ ಎಷ್ಟೇ ಇರಲಿ, ಮಗು ಉಳಿಯಿತು. ಇನ್ನು ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗುವುದೊಂದೇ ಬಾಕಿ ಎಂದು ಎದ್ದು ನಿಂತಳು.

"ಕೂತ್ಕೊಳ್ಳಿ ಅಕ್ಕಯಮ್ಮ. ಮಗುವಿನ ಅಭಿಪ್ರಾಯ ಕೇಳ್ಬೇಕು," ಎಂದು ಕನಕಲಕ್ಷ್ಮಿ ಗೌತಮಿಯನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು.

ಅಭಿಪ್ರಾಯ. ಹದಿಮೂರರ ಮಗುವಿಗೆ ಎಂಥ ಅಭಿಪ್ರಾಯ! ಆದರೂ ಅಕ್ಕಯಮ್ಮನಿಗೆ ಚಿಂತೆ ಇರಲಿಲ್ಲ. ಅವಳಿಗೆ ಇರುವವಳು ನಾನೊಬ್ಬಳೇ, ಇನ್ನೇನು ಹೇಳುತ್ತಾಳೆ ಎಂದು ಸೆರಗು ಸರಿಮಾಡಿಕೊಂಡು ಕೂತಳು. ಒಳಗಿನ ಮಾತು ಹೊರಗೆ ಕೇಳಿಸುತ್ತಿರಲಿಲ್ಲ. ಹೊತ್ತಾಯಿತು. ಇಷ್ಟು ಹೊತ್ತು ಏನು ಮಾತು?

ಹೊರಗೆ ಬಂದಾಗ ಗೌತಮಿಯ ಕಣ್ಣು ಕೆಂಪಗಾಗಿದ್ದವು. ಕನಕಲಕ್ಷ್ಮಿ ಕುರ್ಚಿಯಲ್ಲಿ ಕೂತು, ಬೇರೆ ಸದಸ್ಯರ ಹತ್ತಿರ ಮಾತಾಡಿ, ಆಮೇಲೆ ಅಕ್ಕಯಮ್ಮನ ಕಡೆ ತಿರುಗಿದರು.

"ವಾರ್ಷಿಕ ಪರೀಕ್ಷೆ ಮುಗಿಯೋವರೆಗೂ ಗೌತಮಿ ಬಾಲಮಂದಿರದಲ್ಲಿ ಇರ್ತಾಳೆ. ಸರ್ಕಾರದ್ದು, ಹೆಣ್ಣುಮಕ್ಕಳಿಗೆ ಅಂತಲೇ ಇರೋದು. ಅಲ್ಲಿಂದಲೇ ಓದಿ ಪರೀಕ್ಷೆ ಬರೆಯೋ ಏರ್ಪಾಡು ಮಾಡ್ತೀವಿ. ನೀವು ಭಾನುವಾರ ಬಂದು ನೋಡಬಹುದು."

"ಯಾಕೆ?" ಅಕ್ಕಯಮ್ಮನ ದನಿ ಗೋಡೆಗೆ ಬಡಿಯಿತು. "ಅವನು ಸಹಿ ಹಾಕಿದ್ನಲ್ಲ! ಅಜ್ಜಿ ಮನೆ ಇರೋವಾಗ ಮಂದಿರ ಯಾಕೆ? ತಪ್ಪು ಮಾಡಿದೋನು ಅವನು, ಮಗೀನ ಕಿತ್ಕೊಳ್ಳೋದು ನನ್ನಿಂದಾನಾ? ನಾನು ಓದಿದ್ದು ತಪ್ಪಾಯ್ತು ಅಂತ ಶಿಕ್ಷೆನಾ ಇದು?"

"ಶಿಕ್ಷೆ ಅಲ್ಲ. ಅವಳೇ ಕೇಳಿದ್ದು."

"ಅವಳಾ? ಅವಳಿಗೇನು ಗೊತ್ತು?"

"ಅಕ್ಕಯಮ್ಮ, ನಮಗೆ ಮೊದಲು ವಿಷಯ ತಿಳಿಸಿದ್ದೇ ಅವಳು. ಅವರಪ್ಪ ಬಂದು ಹೋದ ಮಾರನೇ ದಿನ ತಾನೇ ಅರ್ಜಿ ಬರೆದು ಟೀಚರ್ ಕೈಲಿ ಕೊಟ್ಟಿದ್ದಾಳೆ. ಕಾಪಾಡಿ ಅಂತ."

ಅಕ್ಕಯಮ್ಮ ಮೊಮ್ಮಗಳ ಕಡೆ ತಿರುಗಿದಳು. ಬಸ್ ಸ್ಟ್ಯಾಂಡಿನಲ್ಲಿ ಅರ್ಧಕ್ಕೆ ತುಂಡರಿಸಿದ ಮಾತು ಅವಳಿಗೆ ಈಗ ಅರ್ಥವಾಯಿತು. ಅರ್ಥವಾದದ್ದಕ್ಕೆ ಸಮಾಧಾನ ಆಗಲಿಲ್ಲ, ಇನ್ನಷ್ಟು ಸಿಟ್ಟು ಬಂತು.

"ನನಗೊಂದು ಮಾತು ಹೇಳ್ಬಾರ್ದಾಗಿತ್ತೇನೇ? ನಿನಗೋಸ್ಕರ ಊರೆಲ್ಲಾ ಸುತ್ತಿದೆ, ಠಾಣೇಲಿ ಕೂತೆ. ನಾನೇನು ಕಮ್ಮಿ ಮಾಡ್ದೆ ನಿನಗೆ?"

ಗೌತಮಿ ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಳುತ್ತಲೇ ಹೇಳಿದಳು.

"ಹೇಳೋಕೆ ಬಂದಾಗೆಲ್ಲ ಬಾಯ್ಮುಚ್ಚು ಅಂದೆ. ಅಪ್ಪ ಬಂದು ಮದುವೆ ಅಂದ್ರು. ನೀನು ತೊಂಡೇಬಾವಿ ಅಂದೆ. ನೀನು ಒಳ್ಳೇಳೇ ಅಜ್ಜಿ, ಆದ್ರೆ ನೀನೂ ಅಪ್ಪನ ಥರಾನೇ ನನ್ನ ರಟ್ಟೆ ಹಿಡ್ಕೊಂಡು ಬಸ್ ಹತ್ತಿಸ್ದೆ. ಎಷ್ಟೊಂದು ಪಾಠ ಹೋಯ್ತು ಗೊತ್ತಾ ನಂಗೆ?"

ಗೋಡೆಯ ಹತ್ತಿರ ನಿಂತಿದ್ದ ಮುನೇಶ್ ತಲೆ ಎತ್ತಿದ. ಅಕ್ಕಯಮ್ಮನಿಗೆ ಅವನ ಮುಖ ನೋಡುವುದಕ್ಕಾಗಲಿಲ್ಲ. ಅವನ ಥರಾನೇ. ಇದಕ್ಕಿಂತ ಕೆಟ್ಟ ಬೈಗುಳ ಅವಳ ಜನ್ಮದಲ್ಲಿ ಯಾರೂ ಬೈದ ನೆನಪಿರಲಿಲ್ಲ, ಅದೂ ಅಳುತ್ತಾ, ಅಜ್ಜಿ ಎಂದು ಕರೆದೇ ಬೈದದ್ದು. ಎದ್ದು ಕೂಗಾಡಬೇಕು ಅನಿಸಿತು. ಎದ್ದಳು ಕೂಡ. ಕೂಗಾಡಲು ಮಾತು ಹುಡುಕಿದಳು. ಹುಡುಗಿ ಹೇಳಿದ್ದರಲ್ಲಿ ಯಾವುದು ಸುಳ್ಳು ಎಂದು ಹುಡುಕಿದಳು. ಯಾವುದೂ ಸಿಗದೆ ಕುರ್ಚಿಯ ಬೆನ್ನು ಹಿಡಿದುಕೊಂಡು ಹಾಗೆಯೇ ನಿಂತಳು.

ಕನಕಲಕ್ಷ್ಮಿ ಕಾಗದ ತಿರುಗಿಸುತ್ತಾ ಕೇಳಿದರು. "ಪರೀಕ್ಷೆ ಮುಗಿದ ಮೇಲೆ ಅಜ್ಜಿ ಮನೆಗೇ ಕಳಿಸಬಹುದು ಅನ್ನೋದು ನಮ್ಮ ಯೋಚನೆ. ಏನಂತೀರಿ, ಕರ್ಕೊಂಡು ಹೋಗ್ತೀರಾ?"

ಕರ್ಕೊಂಡು ಹೋಗ್ತೀನಿ, ಇದೇನು ಕೇಳೋ ಮಾತಾ ಎಂಬುದು ಗಂಟಲಿನವರೆಗೆ ಬಂದಿತ್ತು. ಅಕ್ಕಯಮ್ಮ ಅದನ್ನು ನುಂಗಿದಳು. ನುಂಗುವುದು ಅಭ್ಯಾಸವಿಲ್ಲದ್ದರಿಂದ ಕೆಮ್ಮು ಬಂತು.

"ನನ್ನ ಯಾಕಮ್ಮ ಕೇಳ್ತೀರಿ?" ಎಂದಳು ಕೊನೆಗೆ, ಸಿಡುಕುತ್ತಲೇ. "ಅವಳನ್ನ ಕೇಳಿ."

ಎಲ್ಲರೂ ಗೌತಮಿಯ ಕಡೆ ನೋಡಿದರು. ಅಕ್ಕಯಮ್ಮನೂ ನೋಡಿದಳು. ಬರ್ತೀನಿ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಮೂರು ಅಕ್ಷರ. ಒತ್ತಕ್ಷರ ಕೂಡ ಒಂದೇ.

ಹುಡುಗಿ ಕಣ್ಣು ಒರೆಸಿಕೊಂಡಳು. ಅಜ್ಜಿಯನ್ನು ಒಂದು ಸಲ ನೋಡಿದಳು, ಕಿಟಕಿಯ ಕಡೆ ನೋಡಿದಳು, ಮತ್ತೆ ಅಜ್ಜಿಯನ್ನು ನೋಡಿದಳು.

"ಯೋಚ್ನೆ ಮಾಡಿ ಹೇಳ್ತೀನಿ ಮೇಡಂ," ಎಂದಳು.